ಮೇಷ್ಟರು ನನ್ನೊಡನೆ ಆಡದ ಮಾತು

ಕಳೆದ ತಿಂಗಳು ಮಂಡ್ಯದ ಪೇಟೆಬೀದಿಯ, ಬೇರುನಾರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಒಣಶುಂಠಿ ಕೊಳ್ಳಲೆಂದು ನಿಂತಿದ್ದೆ. ಅಂಗಡಿಯವನು ಯಾವುದೋ ಡಬ್ಬಿಯ ಮುಚ್ಚಳ ತೆಗೆದ. ಬಜೆಯ ಘಾಟು ಮೂಗಿಗೆ ಬಡಿಯಿತು. ಎಳೆಯ ಮಕ್ಕಳಿಗೆ ಮಾತು ಸ್ಪಷ್ಟವಾಗಿ ಬರಲೆಂದು ಕಲ್ಲಿನ ಮೇಲೆ ತೇಯ್ದು ನಾಲಗೆಗೆ ಸವರುತ್ತಾರಲ್ಲ, ಆ ಬೇರು. ಶುಂಠಿಯನ್ನು ಕೇಳುವುದು ಮರೆತೇಹೋಯಿತು. ಮಳವಳ್ಳಿಯ ಮಿಡ್ಲ್ ಸ್ಕೂಲಿನ ಒಂದು ಕೊಠಡಿ, ಅಲ್ಲಿನ ಮೇಜು, ಮೇಜಿನ ಹಿಂದಿನ ಕನ್ನಡ ಮೇಷ್ಟರು… ಎಲ್ಲವೂ ಆ ಘಾಟಿನ ಹಿಂದೆಯೇ ಬಂದವು.

ಅವರ ಮೇಜಿನ ಮೇಲೆ ಸದಾ ಒಂದು ತುಂಡು ಬಜೆ, ಒಂದು ಪುಟ್ಟ ತೇಯುವ ಕಲ್ಲು ಇರುತ್ತಿದ್ದವು. ‘ಹ’ಕಾರವನ್ನು ನುಂಗಿದ ಹುಡುಗನನ್ನು ಅವರು ಹೊಡೆಯುತ್ತಿರಲಿಲ್ಲ. “ಬಾರೋ ಇಲ್ಲಿ. ನಿಮ್ಮಜ್ಜಿ ತೇಯೋದು ಮರೆತಿದ್ದಾಳೆ, ನಾನು ತೇಯ್ತೀನಿ” ಎಂದು ಕರೆದು, ಬೆರಳ ತುದಿಯಿಂದ ನಾಲಗೆಗೆ ಸವರುತ್ತಿದ್ದರು. ಮಧ್ಯಾಹ್ನದವರೆಗೂ ನಾಲಗೆ ಚುರುಗುಟ್ಟುತ್ತಿತ್ತು. ನಾನು ಬಂಡೂರಿನಿಂದ ಬರುತ್ತಿದ್ದವನು, ಕುರಿ ಸಾಕುವವರ ಮನೆಯವನು. ನಮ್ಮ ಮನೆಯಲ್ಲಿ ಹಳ್ಳಿ ‘ಅಳ್ಳಿ’, ಹಾಲು ‘ಆಲು’, ಶಂಕರ ‘ಸಂಕ್ರ’. ತರಗತಿಯಲ್ಲಿ ಬಜೆಯ ರುಚಿಯನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲವೆಂದು ತೋರುತ್ತದೆ.

ತಪ್ಪು ಉಚ್ಚಾರಣೆ ಕಿವಿಗೆ ಬಿದ್ದರೆ ಅವರಿಗೆ ಹಲ್ಲುನೋವು ಬಂದಂತೆ ಆಗುತ್ತಿತ್ತು. ಮುಖ ಒಂದು ಪಕ್ಕಕ್ಕೆ ಹಿಂಡಿಕೊಳ್ಳುತ್ತಿತ್ತು. ಹಳ್ಳಿಯವರ ತಪ್ಪನ್ನಾದರೂ ಸಹಿಸಿಯಾರು. ಓದಿದವರ ತಪ್ಪನ್ನು ಸಹಿಸುತ್ತಿರಲಿಲ್ಲ. ಒಮ್ಮೆ ಸ್ಕೂಲಿನ ಸಭೆಯಲ್ಲಿ ಅಮಲ್ದಾರರು ರೈತರಿಗೆ ಆಗುತ್ತಿರುವ “ಅನಾನುಕೂಲ”ದ ವಿಷಯ ಮಾತನಾಡುತ್ತಿದ್ದರು. ಮೇಷ್ಟರು ಮುಂದಿನ ಸಾಲಿನಿಂದ, “ಅನನುಕೂಲ, ಸ್ವಾಮಿ” ಎಂದರು. ಅಮಲ್ದಾರರು ಕೇಳದವರಂತೆ ಮುಂದುವರಿದು ಮತ್ತೆ ಅದೇ ಪದವನ್ನು ಅಂದರು. “ಅನನುಕೂಲ” ಎಂದು ಮೇಷ್ಟರು ಮತ್ತೆ ಎದ್ದು ನಿಂತರು. ಆಮೇಲೆ ಅಂಥ ಸಭೆಗಳಿಗೆ ಅವರನ್ನು ಯಾರೂ ಕರೆಯಲಿಲ್ಲ. ಪೇಟೆಯಲ್ಲಿ ಸಹ ಜನರು ಅವರೆದುರು ಮಾತನ್ನು ಮೊಟಕುಮಾಡಿದರು. ಎಣ್ಣೆ ಅಂಗಡಿಯವನು ಬೆಲೆಯನ್ನು ಬೆರಳಲ್ಲಿ ತೋರಿಸಿಬಿಡುತ್ತಿದ್ದ. ಸಂಜೆ ಹೊತ್ತು ಜಗಲಿಯ ಮೇಲೆ ಅವರು ಒಬ್ಬರೇ ಕೂತಿರುತ್ತಿದ್ದರು.

ಬಹುಶಃ ಆದ್ದರಿಂದಲೇ ನನ್ನ ಮೇಲೆ ಅವರಿಗೆ ಅಷ್ಟು ಅಕ್ಕರೆ. ಸ್ಕೂಲು ಬಿಟ್ಟ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ನಾಲಗೆ ತಿರುಗಿತು. ಸ್ಕೂಲ್ ಇನ್‌ಸ್ಪೆಕ್ಟರು ಬಂದಾಗ ಮೇಷ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಇವನ ಬಾಯಲ್ಲಿ ಒಂದು ತಪ್ಪು ಹುಡುಕಿ ನೋಡೋಣ” ಎಂದರು. ಅವರ ಧ್ವನಿಯಲ್ಲಿದ್ದ ಹೆಮ್ಮೆಯನ್ನು ನಾನು ನನ್ನ ತಂದೆಯಿಂದಲೂ ಕೇಳಿದವನಲ್ಲ.

ಆದರೆ ಮನೆಗೆ ಹೋದರೆ ನಮ್ಮ ಮಾವ, “ಅಮಲ್ದಾರ್ರು ಬಂದವ್ರೆ ಕಣಮ್ಮಿ, ಮಣೆ ಆಕು” ಎಂದು ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಅವಳ ಮಾತನ್ನು ನಾನು ಎಂದೂ ತಿದ್ದಿದವನಲ್ಲ. ಆದರೂ ಒಂದೊಂದು ಮಾತು ಆಡಿದ ಮೇಲೆ ನನ್ನ ಮುಖ ನೋಡುತ್ತಿದ್ದಳು. ಕ್ರಮೇಣ ಉಂಡೆಯಾ, ಮಲಗ್ತೀಯಾ ಎಂಬಷ್ಟಕ್ಕೆ ನಮ್ಮಿಬ್ಬರ ಮಾತು ಬಂದು ನಿಂತಿತು.

ಮೂವತ್ತರ ದಶಕದ ನಡುವೆ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ರುಜು ಹಾಕಬಲ್ಲವರು ಕೂಡ ಇರಲಿಲ್ಲ. ಮಂಡ್ಯದ ಒಂದು ಸ್ಕೂಲಿನಲ್ಲಿ ಮೇಷ್ಟರ ಕೆಲಸವೂ ಸಿಕ್ಕಿತು. ಮುಂದಿನ ಸೋಮವಾರ ಸೇರಬೇಕಾಗಿತ್ತು. ತರಗತಿಯ ಮುಂದೆ ನಿಂತು ಬಾಯಿ ತೆರೆದರೆ ಹಳೆಯ ನಾಲಗೆ ಎಲ್ಲಿ ಇಣುಕೀತೋ ಎಂಬ ಹೆದರಿಕೆ ನನಗೆ. ಹೋಗುವ ಮುನ್ನ ಮೇಷ್ಟರ ಬಾಯಿಂದ “ಸರಿಯಾಗಿದೆ” ಎಂಬ ಒಂದು ಮಾತು ಬೇಕಾಗಿತ್ತು. ಅಷ್ಟು ಸಿಕ್ಕಿದರೆ ಸಾಕು, ಧೈರ್ಯವಾಗಿ ಹೋಗುತ್ತೇನೆ ಎಂದುಕೊಂಡೇ ಮಳವಳ್ಳಿಯಲ್ಲಿ ಬಸ್ಸಿಳಿದೆ.

ಮನೆಯ ಬಾಗಿಲಲ್ಲಿ ಅವರ ಹೆಂಡತಿ ಸಿಕ್ಕರು. ಮಳೆಗಾಲದ ಮೊದಲಲ್ಲಿ ಮೇಷ್ಟರಿಗೆ ಲಕ್ವ ಹೊಡೆದಿತ್ತಂತೆ. ಕೈಕಾಲು ಸುಧಾರಿಸಿವೆ, ನಾಲಗೆ ಮಾತ್ರ ತೊಡರುತ್ತದೆ, ಆಡಿ ಆಡಿಯೇ ಅದು ಸರಿಹೋಗಬೇಕು ಎಂದು ಡಾಕ್ಟರು ಹೇಳಿದ್ದರಂತೆ.

“ಮಾತು ಬರತ್ತಪ್ಪ. ಆಡಲ್ಲ ಅಂತಾರೆ. ಮೊದಲನೇ ದಿನ ನನ್ನ ಕರೆಯೋಕೆ ಹೋಗಿ ತಡವರಿಸಿದ್ರು, ಅಷ್ಟೇ. ಅವತ್ತಿಂದ ತುಟಿ ಬಿಚ್ಚಿಲ್ಲ” ಎಂದು ಆಕೆ ಕಣ್ಣೊರೆಸಿಕೊಂಡರು. “ಬಜೇನೂ ತೇಯ್ದು ನೆಕ್ಕಿಸಿದೆ. ನೀನು ಕೂತು ಮಾತಾಡಿಸು. ನಿನ್ನ ಹತ್ರ ಆಡಿದ್ರೂ ಆಡಿಯಾರು.”

ದಿನವೂ ಬಂಡೂರಿನಿಂದ ನಡೆದುಹೋಗಿ ಅವರ ಮುಂದೆ ಕೂತೆ. ಮೈಸೂರಿನ ಸುದ್ದಿ ಹೇಳಿದೆ, ಪತ್ರಿಕೆ ಓದಿದೆ, ಪ್ರಶ್ನೆಗಳನ್ನು ಕೇಳಿದೆ. ಒಂದಕ್ಷರವೂ ಜಾರದಂತೆ ಮಾತನಾಡಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೆಲವೊಮ್ಮೆ ತುಟಿ ಅಲುಗುತ್ತಿತ್ತು. ನಾನು ಕಾಯುತ್ತಿದ್ದೆ. ನನ್ನ ಕಡೆ ನೋಡಿ ಅವರು ತುಟಿ ಮುಚ್ಚಿಬಿಡುತ್ತಿದ್ದರು.

ಶುಕ್ರವಾರ ಸಂತೆ. ಅವ್ವ ಬೆಣ್ಣೆ ಮಾರಲು ಹೊರಟವಳು, “ಅಯ್ನೋರ್ನ ನಾನೂ ಒಂದ್ಸಲ ನೋಡ್ಬುಟ್ ಬತ್ತೀನಿ” ಎಂದಳು. ನನಗೆ ಪೋಸ್ಟಾಫೀಸಿನಲ್ಲಿ ಕೆಲಸವಿತ್ತು. ಬೆಣ್ಣೆ ಮಾರಿ ಅವಳು ಮೊದಲೇ ಅಲ್ಲಿಗೆ ಹೋಗಿದ್ದಳು. ನಾನು ಹೋಗಿ ಮೇಷ್ಟರ ಮನೆಯ ಹಜಾರಕ್ಕೆ ಕಾಲಿಟ್ಟಾಗ ಹಿತ್ತಿಲಿನಿಂದ ಗಂಡಸಿನ ಧ್ವನಿ ಕೇಳಿಸಿತು. ಒಡೆದ, ಎಳೆದೆಳೆದು ಬರುವ ಧ್ವನಿ.

“ಅಳ್ಳೀಲಿ… ಮಳೆ… ಆಯ್ತಾ?”

“ಎಲ್ ಬಂತು ಬುದ್ದಿ! ನಾಕ್ ಅನಿ ಉದುರ್ಸ್‌ಬುಟ್ ಓಯ್ತು” ಎಂದಳು ಅವ್ವ. “ಈ ಸಲ ಉಳ್ಳಿಕಾಳ್ ಬುಟ್ರೆ ಇನ್ನೇನೂ ಇಲ್ಲ. ನೀವೂ ಉಳ್ಳಿಸಾರೇ ಉಣ್ಬೇಕು, ನಮ್ ಕುರಿ ಜೊತೇಲಿ.”

ಮೇಷ್ಟರು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು. ನಾನು ಕಂಬದ ಪಕ್ಕದಲ್ಲಿ ನಿಂತೆ.

“ಮಗ… ಸೆನ್ನಾಗಿ… ಆಡ್ತಾನೆ” ಎಂದರು ಮೇಷ್ಟರು.

“ಆಡ್ತನೆ ಬುದ್ದಿ, ಪುಸ್ತಕ ಓದ್ದಂಗೆ. ನನ್ ಕುಟೆ ಮಾತ್ರ ಆಡಾಕಿಲ್ಲ. ನಾನಾದ್ರೂ ಏನಾಡ್ಲಿ? ಬಾಯ್ ತಗುದ್ರೆ ಏನ್ ತಪ್ಪಾಯ್ತೋ ಅನ್ಸ್ತದೆ.”

ಮೇಷ್ಟರ ಕುರ್ಚಿ ಕಿರುಗುಟ್ಟಿತು.

“ನಾನೂ… ಆಡಲ್ಲ… ಅವ್ನ್ ಅತ್ರ.”

“ನೀವ್ಯಾಕ್ ಬುದ್ದಿ? ನೀವೇ ಕಲ್ಸಿದ್ ಮಗ ಅಲ್ವಾ?”

“ಅದ್ಕೇ… ಅವ್ನಿಗೆ… ಗೊತ್ತಾಗುತ್ತೆ.”

ನಾನು ಮುಂದೆ ಹೋಗಲಿಲ್ಲ. ಹೋಗಿದ್ದರೆ ಇಬ್ಬರೂ ಒಮ್ಮೆಗೇ ಸುಮ್ಮನಾಗುತ್ತಿದ್ದರು. ಅದು ನನಗೆ ಖಚಿತವಾಗಿ ತಿಳಿದಿತ್ತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬೀದಿಗೆ ಇಳಿದೆ. ಎದುರು ಮನೆಯ ಗೋಡೆಯ ನೆರಳಲ್ಲಿ, ಅವ್ವ ಖಾಲಿ ಗಡಿಗೆ ಹಿಡಿದು ಹೊರಗೆ ಬರುವವರೆಗೆ ಕೂತಿದ್ದೆ. ಹಜಾರಕ್ಕೆ ಬಂದುಹೋದದ್ದನ್ನು ಅವಳಿಗೆ ಹೇಳಲಿಲ್ಲ. “ಈಗ ಬಂದ್ಯಾ?” ಎಂದಳು. ಈಗ ಬಂದೆ ಎಂದೆ. ಇಬ್ಬರೂ ಬಂಡೂರಿನ ದಾರಿ ಹಿಡಿದೆವು.

ಸೋಮವಾರ ಮಂಡ್ಯಕ್ಕೆ ಹೋದೆ. ನನಗೆ ಬೇಕಾಗಿದ್ದ ಮಾತನ್ನು ಅವರು ಅವ್ವನೊಡನೆ ಆಡಿದ್ದರು, ನನ್ನೊಡನೆ ಅಲ್ಲ. ಆಮೇಲೆ ಅವ್ವ ಪ್ರತಿ ಸಂತೆಯ ದಿನ ಬೆಣ್ಣೆ ಕೊಡುವ ನೆಪದಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದಳಂತೆ. ವಾರದ ಆ ಒಂದು ದಿನ ಮಾತ್ರ ಮೇಷ್ಟರು ಹಿತ್ತಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರೆಂದು ಅವರ ಹೆಂಡತಿ ಕಾಗದ ಬರೆಸಿದ್ದರು. ರಜೆಯಲ್ಲಿ ಊರಿಗೆ ಹೋದಾಗಲೂ ನಾನು ಸಂತೆಯ ದಿನ ಆ ಬೀದಿಗೆ ಹೋಗುತ್ತಿರಲಿಲ್ಲ. ಬೇರೆ ದಿನ ಹೋಗಿ, ಮಾತನಾಡಿ, ಅವರ ಮೌನವನ್ನು ಕೇಳಿ ಬರುತ್ತಿದ್ದೆ…

ಮಾರನೆಯ ವರ್ಷ ಅವರು ತೀರಿಕೊಂಡರು. ಊರಿಗೆ ಹೋದಾಗ ಅವ್ವನನ್ನು, ಅವರು ನಿನ್ನೊಡನೆ ಏನೇನು ಮಾತನಾಡುತ್ತಿದ್ದರು ಎಂದು ಕೇಳಿದೆ. ಅವ್ವ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿದಳು.

“ಏನೋ ಆಡೋರು ಕಣಪ್ಪ” ಎಂದಳು. “ಎಲ್ಲಾ ನಿಂಗೆ ಸರ್ಯಾಗಿ ಯೋಳಾಕ್ ನಂಗೆ ಬರಾಕಿಲ್ಲ ಬುಡು.”

ಹೇಗೆ ಬಂದರೆ ಹಾಗೆ ಹೇಳವ್ವ ಎಂದು ನಾನು ಅನ್ನಬೇಕಾಗಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಎದ್ದು ಒಲೆಯ ಕಡೆ ಹೋಗಿದ್ದಳು.

ಅವ್ವ ಹೋಗಿಯೂ ಬಹಳ ಕಾಲವಾಯಿತು. ನನಗೀಗ ನಿವೃತ್ತಿಯಾಗಿದೆ. ನನ್ನ ಉಚ್ಚಾರಣೆ ಶುದ್ಧವೆಂದು ಮಂಡ್ಯದಲ್ಲಿ ಇಂದಿಗೂ ಹೇಳುತ್ತಾರೆ. ನಮ್ಮ ಬೀದಿಯ ನಲ್ಲಿಯ ಬಳಿ ಬೆಳಿಗ್ಗೆ ಹೆಂಗಸರು ಬಿಂದಿಗೆಗಳನ್ನಿಟ್ಟುಕೊಂಡು ಗಲಗಲನೆ ಮಾತಾಡುತ್ತಿರುತ್ತಾರೆ. ನಾನು ಹತ್ತಿರ ಬರುತ್ತಿದ್ದಂತೆ ಒಬ್ಬಾಕೆ ಸೆರಗು ಸರಿಮಾಡಿಕೊಂಡು, “ನಮಸ್ಕಾರ ಮೇಷ್ಟ್ರೇ” ಎನ್ನುತ್ತಾಳೆ, ಉಳಿದವರು ಸುಮ್ಮನಾಗುತ್ತಾರೆ. ನಾನೂ ನಮಸ್ಕರಿಸಿ ಹೆಜ್ಜೆ ಬೇಗ ಹಾಕುತ್ತೇನೆ. ಬೀದಿಯ ತಿರುವನ್ನು ದಾಟಿದ ಮೇಲೆ ಅವರ ಮಾತು ಮತ್ತೆ ಶುರುವಾಗುತ್ತದೆ.