ಪೆನ್ನು ಮುಚ್ಚಿದ ಮೇಲೆ ಹೇಳಿದ್ದು

ಅಥವಾ ಅವನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದನೇ? ನನ್ನ ನೆನಪಿನಲ್ಲಿ ಅವನ ಮುಖದ ಮೇಲೆ ಬೀದಿಯ ಬೆಳಕಿದೆ. ಆದರೆ ಘಾಟ್ಕೋಪರ್ ಸ್ಟೇಷನ್ ಹತ್ತಿರದ ಆ ಉಡುಪಿ ಹೋಟೆಲಿನ ಮೂಲೆ ಮೇಜಿಗೆ ಬೀದಿಯ ಬೆಳಕು ಬೀಳುವುದು ಸಾಧ್ಯವೇ ಇರಲಿಲ್ಲ. ನಾನೇ ಆಮೇಲೆ ಹಾಕಿದ ಬೆಳಕಿರಬೇಕು. ಖಾತ್ರಿ ಇರುವಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ಇಸವಿ ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸು. ನಾನು ಒಬ್ಬ ಸಂಶೋಧಕಿಯ ಕೈಕೆಳಗೆ ಫಾರ್ಮು ತುಂಬುವ ಕೆಲಸದಲ್ಲಿದ್ದೆ. ಎರಡು ಜನಾಂಗಗಳ ನಡುವೆ ಹುಟ್ಟಿದವರು ಈ ಊರಿನಲ್ಲಿ ಹೇಗೆ ಬದುಕಿದ್ದಾರೆ, ಹಿಂದಿ ಸಿನಿಮಾ ಅವರನ್ನು ಹೇಗೆ ತೋರಿಸುತ್ತದೆ ಎಂಬುದು ಮೇಡಂ ಅವರ ವಿಷಯ. ಅಂಥವರು ಕೊನೆಯ ರೀಲಿಗೆ ಮುಂಚೆ ಸಾಯಲೇಬೇಕು ಎಂಬುದು ಅವರ ವಾದ. ಫಾರ್ಮು ಇಂಗ್ಲಿಷಿನಲ್ಲಿತ್ತು. ತಂದೆಯ ಜನಾಂಗಕ್ಕೆ ಒಂದು ಗೆರೆ, ತಾಯಿಯದಕ್ಕೆ ಒಂದು, ‘ನೀವು ನಿಮ್ಮನ್ನು ಯಾರೆಂದುಕೊಂಡಿದ್ದೀರಿ’ ಎಂಬುದಕ್ಕೆ ಅರ್ಧ.

ಆ ಮೇಜಿನಲ್ಲಿ ನನ್ನೆದುರು ಕೂತಿದ್ದ ಅವನು ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಮೂವತ್ತೈದರ ಪ್ರಾಯ. ತಾಯಿ ಮಲ್ಪೆ ಕಡೆಯವಳು, ತಂದೆ ನೇಪಾಳದವನು ಎಂದು ಬರೆಸಿದ. ರಜೆಯ ದಿನ ಸಿನಿಮಾದಲ್ಲಿ ಎಕ್ಸ್‌ಟ್ರಾ. ಯುದ್ಧದ ದೃಶ್ಯಗಳಲ್ಲಿ ಚೀನೀ ಸಿಪಾಯಿಯಾಗಿ ಗುಂಡು ತಿಂದು ಬೀಳುವ ಕೆಲಸ.

ಗಲ್ಲಾಪೆಟ್ಟಿಗೆಯ ಹಿಂದಿದ್ದ ಹೋಟೆಲಿನ ಯಜಮಾನರು ಕೂತಲ್ಲಿಂದಲೇ ಕೂಗಿದರು: “ಬಹಾದ್ದೂರ್, ನಿನ್ನೆ ಎಷ್ಟು ಸರ್ತಿ ಸತ್ತದ್ದು?”

“ಮೂರು ಸರ್ತಿ ಧಣಿ. ಎರಡನೇದು ಭಾರಿ ಒಳ್ಳೆದಾಗಿತ್ತು. ಕ್ಯಾಮೆರಾ ಆಚೆ ತಿರುಗಿತ್ತು.”

“ಒಮ್ಮೆ ನಮ್ಮ ಕಡೆಯಿಂದ ಸಾಯಿ ಮಾರಾಯ! ನಿನಗೆ ಗೂರ್ಖನ ಪಾರ್ಟು ಕೊಡ್ಲಿಕ್ಕೆ ಅವರಿಗೇನು?”

“ಗೂರ್ಖನಿಗೆ ನನ್ನ ಎತ್ತರ ಸಾಲುದಿಲ್ಲಂತೆ. ಚೀನಾದವ ಎಷ್ಟು ಗಿಡ್ಡ ಇದ್ರೂ ನಡೀತದೆ.”

ಯಜಮಾನರು ನಕ್ಕರು, ನಾವಿಬ್ಬರೂ ನಕ್ಕೆವು. ಫಾರ್ಮು ಮುಗಿಯಿತು, ಪೆನ್ನು ಮುಚ್ಚಿ ಜೇಬಿಗಿಟ್ಟೆ. ಅಲ್ಲಿಯವರೆಗೆ ನನ್ನ ಪ್ರಶ್ನೆಗಳೆಲ್ಲ ಹಿಂದಿಯಲ್ಲಿದ್ದವು. ಚಹಾ ಬಂದಾಗ ಅವನು ನನ್ನ ಊರು ಕೇಳಿದ. ಕುಂದಾಪುರ ಎಂದೆ. ಚಹಾವನ್ನು ಸಾಸರಿಗೆ ಬಗ್ಗಿಸಿ ಊದಿದ.

“ಮಾಷ್ಟ್ರೆ, ಬರೆದಾಯ್ತಲ್ಲ? ಹಾಗಾದ್ರೆ ಕೇಳಿ. ನನ್ನ ಅಪ್ಪ ನೇಪಾಳ ಕಂಡವನೇ ಅಲ್ಲ. ಚೀನಾದವ. ಮಜಗಾಂವ್ ಡಾಕಿನಲ್ಲಿ ಹಡಗಿನ ಬಡಗಿ. ಅರವತ್ತೆರಡರಲ್ಲಿ, ಚೀನಾ ಯುದ್ಧದ ವರ್ಷ, ಪೊಲೀಸರು ಕರ್ಕೊಂಡು ಹೋದ್ರು, ರಾಜಸ್ಥಾನದ ಕ್ಯಾಂಪಿಗೆ. ಅಲ್ಲಿಂದ ಒಂದು ಕಾಗದ ಬಂತು. ಮತ್ತೆ ಇಲ್ಲ.”

ತಾಯಿ ಮಗ ಮಜಗಾಂವ್ ಬಿಟ್ಟು ಭಾಂಡುಪಿನ ಚಾಳೊಂದರ ಒಂಟಿ ಕೋಣೆಗೆ ಬಂದರಂತೆ. ಬರುವ ದಾರಿಯಲ್ಲೇ ಅಪ್ಪ ನೇಪಾಳದವನಾದ.

“ಇದು ನಿಮಗೆ ಹೇಳಿದ್ದು, ಫಾರ್ಮಿಗಲ್ಲ. ಫ್ಯಾಕ್ಟರಿಯಲ್ಲಿ ಗೊತ್ತಾದ್ರೆ ಕೆಲಸ ಹೋಗ್ತದೆ. ಪೊಲೀಸ್ರು ಪುನಃ ಬರ್ತಾರೆ.”

“ಛೆ, ನಾನು ಬರೆಯುದಿಲ್ಲ” ಎಂದೆ. ಎಂದೆನೇ? ತಲೆಯಾಡಿಸಿದ್ದು ಮಾತ್ರವೂ ಇರಬಹುದು.

ಪೆನ್ನು ಮುಚ್ಚಿದ ಮೇಲೆ ಕನ್ನಡದಲ್ಲಿ ಆಡಿದ್ದು ಊರಿನವರ ನಡುವಿನ ಮಾತು, ಅದು ಸಂಶೋಧನೆಗೆ ಸೇರಿದ್ದಲ್ಲ ಎಂದು ಅವನು ನಂಬಿದ್ದ. ನಾನೂ ನಂಬಿದ್ದೆ. ಆದರೂ ವಾಪಸು ಹೋಗುವಾಗ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಫಾರ್ಮಿನ ಹಿಂಬದಿಯಲ್ಲಿ ಎಲ್ಲವನ್ನೂ ಬರೆದೆ. ಕನ್ನಡದಲ್ಲಿ. ಮೇಡಂಗೆ ಕನ್ನಡ ಬಾರದು ಎಂಬುದು ನನಗೆ ನಾನೇ ಕೊಟ್ಟುಕೊಂಡ ನೆಪ.

ಇಲ್ಲಿಂದ ಮುಂದೆ ನನ್ನ ನೆನಪು ನನಗೆ ಬಹಳ ಅನುಕೂಲವಾಗಿದೆ. ಮೇಡಂ ಫಾರ್ಮು ತಿರುವಿ “ಹಿಂದೆ ಏನಿದು?” ಎನ್ನುತ್ತಾರೆ. ನಾನು “ಏನಿಲ್ಲ, ಅಮ್ಮನಿಗೆ ಕಾಗದ ಶುರು ಮಾಡಿದ್ದೆ” ಎನ್ನುತ್ತೇನೆ. ಅವರು ನಗುತ್ತಾರೆ. ಆ ನಗು ಈಗಲೂ ಕಿವಿಯಲ್ಲಿದೆ. ಆದರೆ ಆಮೇಲೆ ಅಚ್ಚಾದ ಅವರ ಪ್ರಬಂಧದಲ್ಲಿ, ಸಿನಿಮಾದ ಭಾಗದಲ್ಲಿ, ಒಂದು ವಾಕ್ಯವಿದೆ: ಪೂರ್ವ ಉಪನಗರದ ಒಬ್ಬ ಫಿಟ್ಟರ್, ಚೀನೀ ತಂದೆಯ ಮಗ, ನೇಪಾಳಿಯಾಗಿ ಬದುಕಿ ಪರದೆಯ ಮೇಲೆ ಚೀನಿಯಾಗಿ ಸಾಯುತ್ತಾನೆ ಎಂದು. ಹೆಸರಿಲ್ಲ, ನಿಜ. ಆದರೆ ಅಂಥ ಫಿಟ್ಟರುಗಳು ಎಷ್ಟು ಮಂದಿ ಇದ್ದಾರು? ನಾನಲ್ಲದೆ ಇನ್ಯಾರೂ ಅದನ್ನು ಅವರಿಗೆ ಹೇಳಿರಲಾರರು. ಹೇಳಿದ ಗಳಿಗೆ ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಹೆಮ್ಮೆಯಿಂದಲೇ ಹೇಳಿರುತ್ತೇನೆ. ತಿಂಗಳುಗಟ್ಟಲೆ ಬರೀ ಗೆರೆ ತುಂಬಿದವನಿಗೆ ಸಿಕ್ಕ ಮೊದಲ ಕತೆ ಅದು.

ಪ್ರಬಂಧ ಓದಿದ ಮೇಲೆ ಭಾಂಡುಪಿನ ಆ ಚಾಳಿಗೆ ಹೋದೆ. ಓದುವ ಮೊದಲೇ ಹೋಗಿದ್ದೆನೋ ಏನೋ. ಕ್ಷಮೆ ಕೇಳಲು ಹೋದೆ ಅಂದುಕೊಳ್ಳಲು ಓದಿದ ಮೇಲೆ ಎಂಬುದೇ ಅನುಕೂಲ. ಅವರ ಖೋಲಿಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಖೋಲಿಯ ವಿಜಾಪುರದ ಹೆಂಗಸು ಅಕ್ಕಿ ಆರಿಸುತ್ತಾ ಹೊಸ್ತಿಲಲ್ಲಿ ಕೂತಿದ್ದಳು.

“ತಾಯಿ ಮಗ ಇಬ್ರೂ ಖಾಲಿ ಮಾಡ್ಕೊಂಡ್ ಹ್ವಾದ್ರ್ರೀ. ಊರಿಗ್ ಹೊಂಟೇವಿ ಅಂದ್ರು.”

“ಯಾವ ಊರಿಗೆ?”

“ನೇಪಾಳಕ್ಕ. ಮತ್ತ್ಯಾವ ಊರೈತ್ರೀ ಅವರಿಗೆ?” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೊನ್ನೆನೂ ಒಬ್ರು ಕೇಳ್ಕೋತ ಬಂದಿದ್ರು. ನಿಮ್ ಮಂದೀನ?” ಎಂದಳು.

ಬಂದವರು ಪೊಲೀಸರೋ, ಕಾರ್ಖಾನೆಯವರೋ, ಸಿಪಾಯಿಗಳು ಕಡಿಮೆ ಬಿದ್ದು ಸಿನಿಮಾದವರು ಕಳಿಸಿದ ಏಜೆಂಟನೋ, ನಾನು ಕೇಳಲಿಲ್ಲ. ಅವನು ಹೋದದ್ದು ನಾನು ಹೇಳಿದ್ದರಿಂದಲೋ ಅಲ್ಲವೋ, ಎಲ್ಲಿಗೆ ಹೋದ, ನನಗೆ ಗೊತ್ತಿಲ್ಲ.