ಸಂವಿಧಾನದವರ ಮುಂದೆ ಲಾಲ್‌ಬೀರ

ಕೊಪ್ಪದ ಬಸ್ ನಿಲ್ದಾಣದ ಎದುರಿನ ಯಮುನಮ್ಮನ ಕ್ಯಾಂಟೀನಿನಲ್ಲಿ ಚಹಾ ಮಾಡುತ್ತಿದ್ದ ಲಾಲ್‌ಬೀರ ನೇಪಾಳದ ಬೆಟ್ಟಸೀಮೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಬಂದವನು ಇಲ್ಲಿಯವನೇ ಆಗಿಬಿಟ್ಟಿದ್ದ. ಶೃಂಗೇರಿಯ ಯಾತ್ರಿಕರು, ಭಂಡಿಗಡಿಯ ತೋಟದವರು, ಎಲ್ಲರೂ ಅವನ ಕೈಯ ಚಹಾ ಕುಡಿದವರೇ. ಹುಟ್ಟಿದ ಹಳ್ಳಿಯಲ್ಲಿ ಮಾತ್ರ ಅವನು ಮುಟ್ಟಬಾರದ ಕಮ್ಮಾರ. ಅಲ್ಲಿಯ ಚಹಾದಂಗಡಿಯ ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿದು, ಲೋಟವನ್ನು ತಾನೇ ತೊಳೆದಿಡಬೇಕು. ಇದನ್ನು ಅವನು ಕೊಪ್ಪದಲ್ಲಿ ಯಾರಿಗೂ ಹೇಳಿರಲಿಲ್ಲ.

ನೇಪಾಳದ ಜನ ರೋಸಿಹೋಗಿ ಬೀದಿಗಿಳಿದರು. ದೊರೆಯ ಆಳ್ವಿಕೆ ಮುಗಿಯಿತು. ಹೊಸ ಸಂವಿಧಾನ ಬರೆಯಲು ಸಭೆಯೊಂದು ಆಯ್ಕೆಯಾಯಿತು. ಎರಡು ಸಾವಿರದ ಒಂಬತ್ತರ ಬೇಸಿಗೆಯ ಮೊದಲಲ್ಲಿ ಹೆಂಡತಿ ಮನ್‌ಮಾಯಾ ಊರಿನಿಂದ ಫೋನ್ ಮಾಡಿದಳು. ಸಭೆಯ ಸದಸ್ಯರು ಜನರ ಮಾತು ಕೇಳಲು ತಮ್ಮ ಹಳ್ಳಿಗೂ ಬರುತ್ತಾರಂತೆ.

ಲಾಲ್‌ಬೀರ ರಜೆ ಕೇಳಿದ.

"ಈಗ ಎಂತ ಅವಸರ ಮಾರಾಯ? ಯಾತ್ರೆಯವರು ಬರೋ ಹೊತ್ತು" ಎಂದಳು ಯಮುನಮ್ಮ.

ಅಂದು ಅವನು ಎಲ್ಲವನ್ನೂ ಹೇಳಿಬಿಟ್ಟ. ಯಮುನಮ್ಮ ಅವನ ಕೈಯಿಂದ ಸೌಟು ತೆಗೆದುಕೊಂಡಳು. "ಹೋಗು. ಒಲೆ ನಾನು ನೋಡ್ಕೊಳ್ತೀನಿ. ಬಾಯಿ ಬಿಟ್ಟು ಹೇಳಿ ಬಾ, ಸುಮ್ನೆ ಕೂತು ಬರಬೇಡ."

ಸದಸ್ಯರು ಬಂದ ದಿನ ಹಳ್ಳಿಯ ಶಾಲೆಯ ಬಯಲಿನಲ್ಲಿ ದೊಡ್ಡವರೆಲ್ಲ ರಸ್ತೆ, ಸೇತುವೆ ಕೇಳಿದರು. ಹಿಂದೆ ನಿಂತಿದ್ದ ಅವನ ಜನ ತುಟಿ ಬಿಚ್ಚಲಿಲ್ಲ. ಲಾಲ್‌ಬೀರ ಮುಂದೆ ಹೋದ.

"ಪರದೇಶದಲ್ಲಿ ನಾನು ಮಾಡಿದ ಚಹಾವನ್ನು ಊರಿಗೆ ಊರೇ ಕುಡಿಯುತ್ತದೆ. ಇಲ್ಲಿ ನಾನು ಅಂಗಡಿಯೊಳಗೆ ಕಾಲಿಡುವಂತಿಲ್ಲ. ಇದು ತಪ್ಪು ಅಂತ ಹಳೆಯ ಕಾನೂನೂ ಹೇಳುತ್ತದಂತೆ. ಅದು ಈ ಬೆಟ್ಟ ಹತ್ತಲೇ ಇಲ್ಲ. ಹೊಸದರಲ್ಲಿ ಶಿಕ್ಷೆಯನ್ನೂ ಬರೆಯಿರಿ."

"ಏ, ಸಾಕು, ಕೂತ್ಕೋ!" ಯಾರೋ ಗದರಿದರು.

ಸದಸ್ಯರಲ್ಲಿದ್ದ ಹೆಂಗಸು ತಲೆಯೆತ್ತಿದಳು. "ಯಾಕೆ ಕೂರಬೇಕು? ಇನ್ನೊಮ್ಮೆ ಹೇಳಿ ಅಣ್ಣ, ಬರೆದುಕೊಳ್ಳುತ್ತೇನೆ."

ಎರಡನೆಯ ಸಲ ಅವನು ಇನ್ನೂ ಗಟ್ಟಿಯಾಗಿ ಹೇಳಿದ. ಅವನು ಮುಗಿಸುವಷ್ಟರಲ್ಲಿ ಮನ್‌ಮಾಯಾ ಮುಂದೆ ಬಂದು, ತಮ್ಮವರು ಮುಟ್ಟಬಾರದ ನೀರಿನ ನಲ್ಲಿಯ ಮಾತೆತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಒಬ್ಬ ಮುದುಕ.

ಸಭೆ ಮುಗಿದದ್ದೇ ಲಾಲ್‌ಬೀರ ಹೆಂಡತಿಯ ಕೈ ಹಿಡಿದು ನೆಟ್ಟಗೆ ಚಹಾದಂಗಡಿಯೊಳಗೆ ಹೋಗಿ ಬೆಂಚಿನ ಮೇಲೆ ಕೂತ. ಹಿಂದೆಯೇ ಬಂದವರಿಂದ ಬೆಂಚು ತುಂಬಿತು. ಅಂಗಡಿಯವನು ಅವರನ್ನು ನೋಡಿದ, ಬಾಗಿಲಲ್ಲಿ ನಿಂತ ಸದಸ್ಯರನ್ನು ನೋಡಿದ, ಕೆಟಲ್ ಎತ್ತಿದ. ಕುಡಿದ ಲೋಟಗಳನ್ನು ಅವರು ಮೇಜಿನ ಮೇಲೆಯೇ ಬಿಟ್ಟು ಎದ್ದರು.

ಸಂವಿಧಾನ ಸಿದ್ಧವಾಗಲು ಮುಂದೆ ವರ್ಷಗಳೇ ಹಿಡಿದವು. ಲಾಲ್‌ಬೀರ ಅದಕ್ಕೆಲ್ಲ ಕಾಯಲಿಲ್ಲ. ಕೊಪ್ಪಕ್ಕೆ ಮರಳಿದವನೇ, ಕ್ಯಾಂಟೀನು ಗಿಜಿಗುಡುತ್ತಿದ್ದಾಗಲೇ, ತನ್ನ ಜಾತಿಯನ್ನೂ ಮುಚ್ಚಿಡದೆ ಕತೆ ಹೇಳಿದ.

"ಅಂಗಡಿಯವ ಎಂತ ಅಂದ?" ಯಮುನಮ್ಮ ಕೇಳಿದಳು.

"ಸಕ್ಕರೆ ಸಾಕಾ ಅಂದ!"

ಕ್ಯಾಂಟೀನೆಲ್ಲ ಗೊಳ್ಳೆಂದು ನಕ್ಕಿತು. ಮೂಲೆಯಿಂದ ಯಾರೋ ಕೂಗಿದರು: "ಲಾಲ್‌ಬೀರಣ್ಣ, ಇಲ್ಲಿಗೊಂದು ಚಹಾ!"