ಹಬ್ಬದ ದಿನ ಬಂದ ಒಂದು ರೂಪಾಯಿ

ನೀರು ತುಂಬುವ ಹಬ್ಬದ ಮಧ್ಯಾಹ್ನ ಬಚ್ಚಲಲ್ಲಿ ಕೂತು ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದೆ. ಕಿಟಕಿಯಲ್ಲಿಟ್ಟಿದ್ದ ಫೋನು ಟಿಣ್ ಎಂದಿತು. ಸೆರಗಿಗೆ ಕೈ ಒರೆಸಿಕೊಂಡು ನೋಡಿದೆ. ನನ್ನ ಖಾತೆಗೆ ಒಂದು ರೂಪಾಯಿ ಬಂದಿತ್ತು. ಕಳಿಸಿದವರು ಮಗಳ ಅಪ್ಪ.

"ಅಕ್ಕಾ!" ಎಂದು ನಾನು ಕೂಗಿದ್ದಕ್ಕೆ ಮನೆ ಒಡತಿ ಹಿತ್ತಲಿನಿಂದ ಓಡಿಬಂದರು.

"ಎಂತಾಯ್ತೇ? ಹಾವಾ?"

"ರೂಪಾಯಿ ಬಂತು!"

"ಒಂದ್ ರೂಪಾಯಿಗೆ ಹಿಂಗೆ ಕುಣಿಯೋಳ್ನ ನಾನೆಲ್ಲೂ ನೋಡ್ಲಿಲ್ಲ ಮಾರಾಯ್ತಿ."

ಕುಣಿಯದೆ ಏನು ಮಾಡಲಿ? ನಾವು ಬೇರೆಯಾದ ಮೇಲೆ ಅವರು ತೀರ್ಥಹಳ್ಳಿಯಲ್ಲಿ, ನಾನೂ ಮಗಳೂ ಸಾಗರದಲ್ಲಿ. ಹಬ್ಬಗಳನ್ನು ಹಂಚಿಕೊಂಡಿದ್ದೇವೆ. ಈ ದೀಪಾವಳಿ ಅವರದು. ಮಗಳು ರಜೆ ಶುರುವಾದಾಗಲೇ ಅಲ್ಲಿಗೆ ಹೋಗಿದ್ದಳು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಹಳೆಯದೆಲ್ಲ ಎದ್ದು ಬರುತ್ತದೆಂದು ಅವಳೇ ಒಂದು ಉಪಾಯ ಮಾಡಿಕೊಟ್ಟಿದ್ದಳು. ನನ್ನ ಹತ್ತಿರ ಕಳಿಸುವಾಗ ಅಪ್ಪ ಅವಳನ್ನು ಬೈಕಿನಲ್ಲಿ ನಡುದಾರಿಯ ಹೊಸನಗರಕ್ಕೆ ತಂದು ನನಗೆ ಒಂದು ರೂಪಾಯಿ ಹಾಕಬೇಕು. ನಾನೂ ಒಂದು ರೂಪಾಯಿ ಹಾಕಿದರೆ, ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಎಂದರ್ಥ. ಆಗ ಸಾಗರದ ಬಸ್ಸು ಹತ್ತಿಸುತ್ತಾರೆ. ಹಾಕದಿದ್ದರೆ ವಾಪಸು ಕರೆದುಕೊಂಡು ಹೋಗುತ್ತಾರೆ.

"ಈ ಹಬ್ಬ ಅವರದಲ್ವಾ? ಕೈ ತಪ್ಪಿ ಒತ್ತಿರ್ತಾರೆ" ಎಂದರು ಅಕ್ಕ.

"ಇಲ್ಲಕ್ಕಾ. ಹೆಸರು ನೋಡ್ಬೇಕು, ಎಷ್ಟು ಅಂತ ಒತ್ಬೇಕು, ಆಮೇಲೆ ಗುಟ್ಟಿನ ನಂಬರು ಹಾಕ್ಬೇಕು. ಕೈ ತಪ್ಪಿ ಅಷ್ಟೆಲ್ಲ ಆಗತ್ತಾ?"

ನಾನೂ ಒಂದು ರೂಪಾಯಿ ಕಳಿಸಿದೆ. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು. ಕೊನೆಗೆ 'ಪೆಂಡಿಂಗ್' ಎಂದು ನಿಂತಿತು.

"ಇನ್ನೊಂದ್ ಸಲ ಹಾಕೇ."

ಬೇಡವೆಂದೆ. ಮಗಳು ಹೇಳಿಕೊಟ್ಟದ್ದು ನೆನಪಿತ್ತು. "ಅಮ್ಮಾ, ದುಡ್ಡು ಫೋನಿಂದ ಫೋನಿಗೆ ಹೋಗಲ್ಲ. ಫೋನು ಬರೀ ಹೇಳತ್ತೆ ಅಷ್ಟೆ. ನಿನ್ನ ಬ್ಯಾಂಕು ತೆಗೀಬೇಕು, ಅಪ್ಪನ ಬ್ಯಾಂಕು ಸೇರಿಸ್ಕೋಬೇಕು. ಮಧ್ಯ ಒಂದು ವ್ಯವಸ್ಥೆ ಇಬ್ರನ್ನೂ ಕೇಳ್ತಾ ಇರತ್ತೆ. ಒಬ್ರು ಉತ್ತರ ಕೊಡ್ಲಿಲ್ಲ ಅಂದ್ರೆ ಕಾಯ್ಬೇಕು. ಹೋಗ್ಲಿಲ್ಲ ಅಂದ್ರೆ ತಿರುಗಿ ಬರತ್ತೆ."

ದುಡ್ಡು ಕಾಯಬಹುದು. ಹೊಸನಗರದ ಬಸ್ಸು ಕಾಯುತ್ತದೆಯೇ? ದೇವರ ಗೂಡಿನ ಕಡೆ ಒಮ್ಮೆ ನೋಡಿ ಅವರಿಗೇ ಫೋನು ಮಾಡಿದೆ. ಎಷ್ಟು ಕಾಲವಾಗಿತ್ತೋ! ಒಂದೇ ರಿಂಗಿಗೆ ಎತ್ತಿದರು.

"ನಿನ್ ರೂಪಾಯಿ ಬರ್ಲಿಲ್ಲ."

"ಸಿಕ್ಕಿಹಾಕ್ಕೊಂಡಿದೆ. ಮಗಳನ್ನ ಕಳಿಸಿ, ನಾನ್ ಹೋಗ್ತೀನಿ ಸ್ಟ್ಯಾಂಡಿಗೆ."

"ಇವಳಿಗೆ ನಾಳೆ ಎಣ್ಣೆ ಸ್ನಾನಕ್ಕೆ ನಿನ್ನ ಹಂಡೆ ನೀರೇ ಆಗ್ಬೇಕಂತೆ. ಬೆಳಗ್ಗಿಂದ ಮುಖ ಊದಿಸ್ಕೊಂಡ್ ಕೂತಿದ್ಲು. ಪಾಡ್ಯಕ್ಕೆ ವಾಪಸ್ ಕಳ್ಸು, ಹಂಗೇ ಇಟ್ಕೋಬೇಡ."

"ಕಳ್ಸ್ತೀನಿ. ನಿಮ್ಮ ಹಬ್ಬ ನಾನ್ಯಾಕೆ ಕಿತ್ಕೊಳ್ಳಲಿ?"

ಅಷ್ಟರಲ್ಲಿ ಅವರ ಕಡೆ ಟಿಣ್ ಎಂದದ್ದು ನನಗೂ ಕೇಳಿತು. "ಬಂತು ನೋಡು ನಿನ್ನ ಸಂಪತ್ತು" ಎಂದು ನಕ್ಕರು. ನಾನೂ ನಕ್ಕುಬಿಟ್ಟೆ. ಹಳೆಯದೇನೂ ಎದ್ದು ಬರಲಿಲ್ಲ. ಹಿಂದಿನಿಂದ ಮಗಳ ದನಿ ಬಂತು: "ಅಪ್ಪಾ, ನಾನ್ ಹತ್ದೆ, ಬಸ್ಸು ಹೊರಡ್ತು!"

ಫೋನಿನಲ್ಲಿ ಚಾರ್ಜ್ ಇತ್ತು, ಸಿಗ್ನಲ್ ಇತ್ತು, ಬಸ್ಸು ಅಷ್ಟು ಹೊತ್ತು ನಿಂತಿತ್ತು. ಭಗವಂತ ಇನ್ನೆಷ್ಟು ಕೊಡಬೇಕು?

ಬಸ್ಸು ಸಾಗರ ಮುಟ್ಟಲು ಇನ್ನೂ ಸಮಯವಿತ್ತು. ಹಂಡೆಯ ಒಂದು ಮಗ್ಗುಲು ಹೊಳೆಯುತ್ತಿತ್ತು, ಇನ್ನೊಂದರಲ್ಲಿ ಹುಣಸೆಹಣ್ಣು ಒಣಗಿ ಹಿಡಿದಿತ್ತು. ಅಕ್ಕನಿಗೆ ಹಂಡೆಯ ಕೊರಳಿಗೆ ಕಟ್ಟುವ ಹಿಂಡ್ಲೆ ಬಳ್ಳಿ ತರಲು ಹೇಳಿ, ಒಣಗಿದ ಹುಣಸೆಗೆ ನೀರು ಚಿಮುಕಿಸಿ ಮತ್ತೆ ತಿಕ್ಕಲು ಕೂತೆ.